ಪ್ರೋಟೀನುಗಳ ಪಾಠಾಂತರ ವಿಚಾರ

ಪ್ರಾಚೀನ ಕಾವ್ಯವೊಂದರ ಓಲೆಪ್ರತಿಗಳನ್ನು ಹೋಲಿಸುವ ಸಂಪಾದಕನು ಪಾಠಭೇದಗಳನ್ನು ಎಣಿಸಿದಷ್ಟಕ್ಕೇ ತೃಪ್ತನಾಗುವುದಿಲ್ಲ. ಅವುಗಳನ್ನು ತೂಗಿಯೂ ನೋಡುವನು. ೞಕಾರವಿರಬೇಕಾದೆಡೆಯಲ್ಲಿ ಳಕಾರವು ಬಂದಿದ್ದರೆ ಲಿಪಿಕಾರರಲ್ಲಿ ಅದು ಸಾಮಾನ್ಯವೆಂದು ಬಗೆಯುವನು. ಪ್ರಾಸಸ್ಥಾನದ ಅಕ್ಷರವೇ ಬದಲಾಗಿದ್ದರೆ ಸುಲಭವಾಗಿ ಒಪ್ಪನು. ಪ್ರೋಟೀನುಗಳ ವಿಷಯದಲ್ಲಿ ಇಂತಹುದೇ ವಿವೇಚನೆಯನ್ನು ಶಾಸ್ತ್ರವಾಗಿ ರೂಪಿಸಿದವರಲ್ಲಿ ಅಮೆರಿಕಾ ದೇಶದ ಮಾರ್ಗರೆಟ್ ಡೇಹಾಫ್ (1925–1983) ಅವರು ಅಗ್ರಗಣ್ಯರು.

ಪ್ರೋಟೀನೆಂಬುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ನಿಯತಕ್ರಮದಲ್ಲಿ ಪೋಣಿಸಿದ ಸರಪಣಿ. ಆ ಕ್ರಮವನ್ನು ವಿಧಿಸುವುದು ವಂಶವಾಹಿ. ಒಂದು ಜೀವಿಯ ಆನುವಂಶಿಕ ದ್ರವ್ಯದ ಸಮಗ್ರ ಪಾಠವೇ ಜೀನೋಮ್. ಈ ಬರಹದಲ್ಲಿ ಒಂದಕ್ಷರವು ತಪ್ಪಿದರೂ ಅನರ್ಥವುಂಟಾಗಬಹುದು. ರಕ್ತದ ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಆಮ್ಲಗಳುಂಟು. ಅವುಗಳಲ್ಲಿ ಆರನೆಯದಾದ ಗ್ಲುಟಾಮಿಕ್ ಆಮ್ಲದ ಎಡೆಗೆ ವ್ಯಾಲೀನ್ ಬಂದುದೇ ರಕ್ತಕಣಗಳು ಕುಡುಗೋಲಿನಂತೆ ಬಾಗುವ ರೋಗಕ್ಕೆ ಮೂಲವೆಂದು ವರ್ನನ್ ಇಂಗ್ರಾಮ್ ಅವರು 1957ರಲ್ಲಿ ತೋರಿಸಿದರು.

ಡೇಹಾಫ್ ಅವರು ರಸಾಯನಶಾಸ್ತ್ರದಲ್ಲಿ ಪಂಡಿತರು. ಮೇರಿಲ್ಯಾಂಡ್ ಪ್ರಾಂತದ ಸಂಶೋಧನಸಂಸ್ಥೆಯೊಂದರಲ್ಲಿದ್ದುಕೊಂಡು, ಅಲ್ಲಲ್ಲಿ ಪ್ರಕಟವಾಗಿದ್ದ ಪ್ರೋಟೀನು ಪಾಠಗಳನ್ನು ಸಹೋದ್ಯೋಗಿಗಳೊಡನೆ ಕಲೆಹಾಕಿ 1965ರಲ್ಲಿ ಒಂದು ಕೋಶವನ್ನು ಹೊರತಂದರು. ಅದರಲ್ಲಿದ್ದುವು 65 ಪ್ರೋಟೀನುಗಳು ಮಾತ್ರ. ಗಣಕಯಂತ್ರಕ್ಕೆ ಅನುಕೂಲವಾಗುವಂತೆ ಒಂದೊಂದು ಆಮ್ಲಕ್ಕೂ ಒಂದೊಂದೇ ಅಕ್ಷರದ ಸಂಕೇತವನ್ನು ಬಳಕೆಗೆ ತಂದವರೂ ಇವರೇ.

ಆದರೆ ಸಂಗ್ರಹಕ್ಕಿಂತಲೂ ಮಿಗಿಲಾದುದು ಪಾಠಗಳ ತುಲನೆ. ಸಮೀಪದ ಸಂಬಂಧವುಳ್ಳ 71 ಪ್ರೋಟೀನು ಕುಲಗಳಲ್ಲಿ ಕಂಡ 1572 ವ್ಯತ್ಯಾಸಗಳನ್ನು ಆಧರಿಸಿ, ಯಾವ ಆಮ್ಲವು ಯಾವುದಕ್ಕೆ ಎಷ್ಟು ಸಲೀಸಾಗಿ ಎಡೆಗೊಡುವುದೆಂಬ ಕೋಷ್ಟಕವನ್ನು ಇವರು ಮತ್ತು ಇವರ ಸಂಗಡಿಗರು 1978ರಲ್ಲಿ ಪ್ರಕಟಿಸಿದರು. ವ್ಯಾಲೀನ್ ಮತ್ತು ಐಸೊಲ್ಯೂಸೀನ್ ಒಂದರ ಸ್ಥಾನಕ್ಕೆ ಇನ್ನೊಂದು ಬರುವುದು ಸಾಮಾನ್ಯ. ಟ್ರಿಪ್ಟೋಫಾನ್ ಸ್ಥಾನವನ್ನು ಬಿಟ್ಟುಕೊಡುವುದು ವಿರಳ. ಆದಕಾರಣ ಎರಡು ಸರಪಣಿಗಳಲ್ಲಿ ಟ್ರಿಪ್ಟೋಫಾನ್ ಒಂದೇ ಎಡೆಯಲ್ಲಿ ನಿಂತಿದ್ದರೆ ಅದು ಬಾಂಧವ್ಯಕ್ಕೆ ಬಲವಾದ ಸಾಕ್ಷ್ಯ. ಕಾವ್ಯದಲ್ಲಿ ಪ್ರಾಸಾಕ್ಷರವನ್ನು ಛಂದಸ್ಸು ಕಾಯುವಂತೆ, ಇಲ್ಲಿ ಇಂತಹ ಆಮ್ಲವನ್ನು ಪ್ರೋಟೀನಿನ ಆಕಾರವೂ ಕಾರ್ಯವೂ ಕಾಯುವುವು.

ಈ ತುಲನೆಯು ರೋಗವಿಚಾರದಲ್ಲಿ ಫಲಿಸಿದ ಬಗೆಗೆ ಒಂದು ನಿದರ್ಶನವುಂಟು. ಕೋಳಿಗಳಲ್ಲಿ ಕ್ಯಾನ್ಸರನ್ನುಂಟುಮಾಡುವ ವೈರಸ್ಸೊಂದರ ಸಾರ್ಕ್ ಎಂಬ ಪ್ರೋಟೀನು, ಸಸ್ತನಿಗಳ ಜೀವಕೋಶದಲ್ಲಿ ಸಹಜವಾಗಿಯೇ ಇರುವ ಒಂದು ಕಿಣ್ವಕ್ಕೆ ಜ್ಞಾತಿಯೆಂದು ವಿನೋನಾ ಬಾರ್ಕರ್ ಮತ್ತು ಡೇಹಾಫ್ ಅವರು 1982ರಲ್ಲಿ ಪಾಠಸಾಮ್ಯದಿಂದ ತೋರಿಸಿದರು. ಇತರ ಪ್ರೋಟೀನುಗಳಿಗೆ ಫಾಸ್ಫೇಟನ್ನು ಜೋಡಿಸಿ ಅವುಗಳ ವ್ಯಾಪಾರವನ್ನು ನಿಯಂತ್ರಿಸುವುದೇ ಆ ಕಿಣ್ವದ ಕೆಲಸ. ರೋಗಕಾರಕವು ಸಂಪೂರ್ಣವಾಗಿ ಪರಕೀಯವಲ್ಲ, ದೇಹದ ಸ್ವಂತ ಪಾಠದ ವಿಕೃತಿಯೇ ಎಂಬ ತಿಳಿವಳಿಕೆಗೆ ಇದರಿಂದ ಬಲವುಂಟಾಯಿತು. ಈ ವಿಶಾಲ ಕುಲಕ್ಕೇ ಸೇರಿದ, ವಿಕೃತಗೊಂಡ ಮತ್ತೊಂದು ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ ಎಂಬ ಔಷಧಕ್ಕೆ, ರಕ್ತದ ಒಂದು ಬಗೆಯ ಕ್ಯಾನ್ಸರಿನ ಚಿಕಿತ್ಸೆಗಾಗಿ, ಅಮೆರಿಕಾದಲ್ಲಿ 2001ರಲ್ಲಿ ಅನುಮತಿ ದೊರೆಯಿತು.

ಸಾಮ್ಯವೊಂದರಿಂದಲೇ ಎಲ್ಲವೂ ಸಿದ್ಧವಾಗುವುದಿಲ್ಲವೆಂಬುದು ದಿಟ. ಯಾದೃಚ್ಛಿಕವಾದ ಹೋಲಿಕೆಯೂ ಉಂಟು; ಪ್ರಯೋಗಶಾಲೆಯ ಪರೀಕ್ಷೆಯು ಅನಿವಾರ್ಯ. ಆದರೆ ಯಾವುದನ್ನು ಪರೀಕ್ಷಿಸಬೇಕೆಂದು ತಿಳಿಯಬೇಕಾದರೆ ಮೊದಲು ಪ್ರತಿಗಳೆಲ್ಲವೂ ಒಂದೆಡೆ ಸೇರಿರಬೇಕು. 65 ಪ್ರೋಟೀನುಗಳ ಆ ಕೋಶದ ಪರಂಪರೆಯು ಇಂದು ಕೋಟಿಗಟ್ಟಲೆ ಪಾಠಗಳುಳ್ಳ ಯೂನಿಪ್ರಾಟ್ ಭಂಡಾರದಲ್ಲಿ ಮುಂದುವರಿದಿರುವುದು.