ಇದ್ದೇನೆ, ಆದರೆ ಬಿಡುವಾಗಿಲ್ಲ: ಸ್ಟೇಟಸ್ ಸಾರುವ ಪ್ಲಗಿನ್‌ಗಳ ಒಳಗೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವೈದ್ಯರ, ವಕೀಲರ ಮನೆಯ ನಾಮಫಲಕದ ಪಕ್ಕ ಒಂದು ಪುಟ್ಟ ಮರದ ಪಟ್ಟಿ ಇರುತ್ತಿತ್ತು. ಮುಚ್ಚಳವನ್ನು ಒಂದು ಕಡೆ ಸರಿಸಿದರೆ ‘ಇದ್ದಾರೆ’, ಇನ್ನೊಂದು ಕಡೆ ಸರಿಸಿದರೆ ‘ಇಲ್ಲ’. ಬಂದವರಿಗೆ ಗೇಟಿನ ಬಳಿಯೇ ಉತ್ತರ ಸಿಗುತ್ತಿತ್ತು. ಇಂದು ನಮ್ಮ ಚಾಟ್ ತಂತ್ರಾಂಶಗಳು ಮಾಡುವ ಮೊದಲ ಕೆಲಸವೂ ಇದೇ. ಮಾತು ಶುರುವಾಗುವ ಮುಂಚೆಯೇ ಎದುರಿನವರು ಇದ್ದಾರೋ ಇಲ್ಲವೋ ಎಂದು ತಿಳಿಸುವುದು.

ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1971ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದ ಲೆಸ್ ಅರ್ನೆಸ್ಟ್ ‘ಫಿಂಗರ್’ ಎಂಬ ಪ್ರೋಗ್ರಾಮ್ ಬರೆದರು. ಯಾರು ಲಾಗಿನ್ ಆಗಿದ್ದಾರೆ, ಎಷ್ಟು ಹೊತ್ತಿನಿಂದ ಕೀಲಿಮಣೆ ಮುಟ್ಟಿಲ್ಲ ಎಂಬುದನ್ನು ಅದು ತೋರಿಸುತ್ತಿತ್ತು. ‘ಪ್ಲಾನ್’ ಎಂಬ ಕಡತದಲ್ಲಿ ಎಲ್ಲಿಗೆ ಹೋಗಿದ್ದೇನೆ, ಯಾವಾಗ ಬರುತ್ತೇನೆ ಎಂದು ಬರೆದಿಡಲೂ ಅವಕಾಶವಿತ್ತು. 1996ರಲ್ಲಿ ಐಸಿಕ್ಯೂ ಬಂತು, 1998ರಲ್ಲಿ ಯಾಹೂ ಪೇಜರ್ ಬಂತು. ಅದೇ ಮುಂದೆ ಯಾಹೂ ಮೆಸೆಂಜರ್ ಆಗಿ ಬೆಂಗಳೂರಿನ ಸೈಬರ್ ಕೆಫೆಗಳನ್ನು ತುಂಬಿತು. ಗೆಳೆಯರ ಹೆಸರಿನ ಮುಂದೆ ಹಳದಿ ಮುಖ ಹೊತ್ತಿಕೊಂಡರೆ ಅವರು ಆನ್‌ಲೈನ್ ಎಂದರ್ಥ.

ಇವೆಲ್ಲ ಒಂದೊಂದು ಕಂಪನಿಯ ಬೇಲಿಯೊಳಗಿನ ವ್ಯವಸ್ಥೆಗಳು. ಬೇಲಿಯಿಲ್ಲದ ದಾರಿ ತೆರೆದವರು ಅಮೆರಿಕದ ಜೆರೆಮಿ ಮಿಲ್ಲರ್. 1999ರ ಜನವರಿಯಲ್ಲಿ ಅವರು ಪ್ರಕಟಿಸಿದ ‘ಜಾಬರ್’ 2004ರಲ್ಲಿ ‘ಎಕ್ಸ್ಎಂಪಿಪಿ’ ಎಂಬ ಮುಕ್ತ ಮಾನಕವಾಯಿತು. ಇಮೇಲ್‌ನಂತೆ ಇಲ್ಲಿಯೂ ಯಾರು ಬೇಕಾದರೂ ಸರ್ವರ್ ನಡೆಸಬಹುದು, ಒಂದು ಸರ್ವರಿನವರು ಇನ್ನೊಂದರವರ ಜೊತೆ ಮಾತಾಡಬಹುದು. ಇದರ ಮೂಲ ನಿಯಮದಲ್ಲಿ ಸ್ಟೇಟಸ್‌ಗೆ ಕೆಲವೇ ಆಯ್ಕೆಗಳಿವೆ: ಲಭ್ಯ, ಹರಟೆಗೆ ಸಿದ್ಧ, ಸ್ವಲ್ಪ ಹೊತ್ತು ಇಲ್ಲ, ಬಹಳ ಹೊತ್ತು ಇಲ್ಲ, ತೊಂದರೆ ಕೊಡಬೇಡಿ. ಜೊತೆಗೆ ಒಂದು ಸಾಲಿನ ಬರಹ. ಅದಕ್ಕಿಂತ ಹೆಚ್ಚು ಬೇಕೆಂದರೆ ಸೇರ್ಪಡೆ ಭಾಗಗಳನ್ನು, ಅಂದರೆ ಪ್ಲಗಿನ್‌ಗಳನ್ನು, ಹಾಕಿಕೊಳ್ಳಬೇಕು. ಕೆಲವು ತಂತ್ರಾಂಶಗಳಲ್ಲಿ ಇವು ಮೊದಲೇ ಒಳಗೆ ಸೇರಿರುತ್ತವೆ.

ಬನಶಂಕರಿಯ ಒಂದು ಮನೆಯಲ್ಲಿ ಯಾರೋ ಸಂಜೆ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಪಿ. ಬಿ. ಶ್ರೀನಿವಾಸ್ ಹಾಡು ಕೇಳುತ್ತಿದ್ದಾರೆ ಎಂದುಕೊಳ್ಳಿ. ಪಕ್ಕದಲ್ಲಿ ಪಿಡ್ಜಿನ್ ಅಥವಾ ಗಾಜಿಮ್‌ನಂಥ ಚಾಟ್ ತಂತ್ರಾಂಶ ತೆರೆದಿದೆ. ಅದರ ಸಂಗೀತದ ಪ್ಲಗಿನ್ ಹಾಡನ್ನು ಕೇಳಿಸಿಕೊಳ್ಳುವುದಿಲ್ಲ. ಲಿನಕ್ಸ್‌ನಲ್ಲಿ ತಂತ್ರಾಂಶಗಳು ಪರಸ್ಪರ ಸುದ್ದಿ ಮುಟ್ಟಿಸಿಕೊಳ್ಳುವ ‘ಡಿ-ಬಸ್’ ಎಂಬ ಒಳದಾರಿಯಿದೆ. ಹಾಡು ಬದಲಾದಾಗಲೆಲ್ಲ ಪ್ಲೇಯರ್ ಆ ದಾರಿಯಲ್ಲಿ ಸುದ್ದಿ ಹಾಕುತ್ತದೆ, ಪ್ಲಗಿನ್ ಅದನ್ನು ಹಿಡಿದುಕೊಳ್ಳುತ್ತದೆ. ಗಾಯಕರ ಹೆಸರು, ಹಾಡಿನ ಹೆಸರು, ಎಷ್ಟು ಸೆಕೆಂಡಿನದು ಎಂಬುದನ್ನೆಲ್ಲ ಗೊತ್ತುಪಡಿಸಿದ ನಮೂನೆಯಲ್ಲಿ ತುಂಬಿ ಸರ್ವರಿಗೆ ಕಳಿಸುತ್ತದೆ. ಹಾಡು ನಿಂತರೆ ಖಾಲಿ ನಮೂನೆ ಹೋಗುತ್ತದೆ. ಅಂದರೆ ‘ಈಗ ಏನೂ ಕೇಳುತ್ತಿಲ್ಲ’.

ಮುಂದಿನದು ಸರ್ವರಿನ ಕೆಲಸ. ಈ ಸುದ್ದಿಯನ್ನು ಅದು ಎಲ್ಲರಿಗೂ ಹಂಚುವುದಿಲ್ಲ. ಪ್ರತಿ ಚಾಟ್ ತಂತ್ರಾಂಶವೂ ಆನ್‌ಲೈನ್ ಬಂದಾಗ ತನಗೆ ಯಾವ ಬಗೆಯ ಸುದ್ದಿ ಬೇಕು ಎಂಬುದರ ಒಂದು ಚಿಕ್ಕ ಗುರುತನ್ನು ಕೊಟ್ಟಿರುತ್ತದೆ. ಹಾಡಿನ ಸುದ್ದಿ ಬೇಕು ಎಂದವರಿಗೆ ಮಾತ್ರ ಅದು ಹೋಗುತ್ತದೆ. ಅವರಲ್ಲೂ, ನಿಮ್ಮ ಇರುವಿಕೆಯನ್ನು ನೋಡಲು ನೀವೇ ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಕೇಳುವವರ ಆಸಕ್ತಿ, ಹೇಳುವವರ ಒಪ್ಪಿಗೆ, ಎರಡೂ ಕೂಡಿದಾಗಷ್ಟೇ ಸುದ್ದಿ ದಾಟುತ್ತದೆ.

ಮನಸ್ಥಿತಿ, ಚಟುವಟಿಕೆ, ಇರುವ ಜಾಗ, ಇವಕ್ಕೂ ಬೇರೆಬೇರೆ ನಮೂನೆಗಳಿವೆ. ಮನಸ್ಥಿತಿಯ ಪಟ್ಟಿಯಲ್ಲಿ ಸಂತೋಷ, ಬೇಸರ, ಒಂಟಿತನ, ಹಸಿವು, ನಿದ್ದೆ ಎಂದು 80ಕ್ಕೂ ಹೆಚ್ಚು ಬಗೆಗಳಿವೆ. ಚಟುವಟಿಕೆಯ ಪಟ್ಟಿಯಲ್ಲಿ ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಕಾಫಿ ಕುಡಿಯುವುದು, ರೈಲಿನಲ್ಲಿ ಹೋಗುವುದು ಎಲ್ಲವೂ ಸೇರಿವೆ. ದಾರಿಯಲ್ಲಿ ಸಾಗುವುದು ಇವುಗಳ ಸಂಕೇತ ಮಾತ್ರ. ಹಾಗಾಗಿ ಕನ್ನಡದಲ್ಲಿ ತಂತ್ರಾಂಶ ಬಳಸುವವರು ಆರಿಸಿದ್ದನ್ನು ಜರ್ಮನಿಯ ಗೆಳೆಯರು ಜರ್ಮನ್‌ನಲ್ಲಿ ಓದಬಹುದು.

ಈ ವ್ಯವಸ್ಥೆಗೂ ಕಷ್ಟಗಳಿವೆ. ಬನಶಂಕರಿ ನಿಲ್ದಾಣದಲ್ಲಿ ಮೆಜೆಸ್ಟಿಕ್ ಕಡೆಯ ಮೆಟ್ರೊ ಹತ್ತಿದವರು ನ್ಯಾಷನಲ್ ಕಾಲೇಜು ದಾಟಿದ ಮೇಲೆ ಸುರಂಗ ಹೊಗುತ್ತಾರೆ. ಅಲ್ಲಿ ಸಿಗ್ನಲ್ ಕೈಕೊಟ್ಟರೆ ಫೋನಿಗೆ ‘ಹೋಗಿ ಬರುತ್ತೇನೆ’ ಎನ್ನಲೂ ಆಗುವುದಿಲ್ಲ. ಸಂಪರ್ಕ ಕಡಿದದ್ದು ಸರ್ವರಿಗೆ ಕೂಡಲೇ ಗೊತ್ತಾಗದೆ, ಅವರು ಇನ್ನೂ ಆನ್‌ಲೈನ್ ಇದ್ದಾರೆ ಎಂದೇ ತೋರಿಸುತ್ತಿರುತ್ತದೆ. ಆಗ ಕಳಿಸಿದ ಸಂದೇಶ ಕಳೆದುಹೋಗಬಾರದೆಂದು ಎರಡೂ ಕಡೆ ‘ಇಷ್ಟು ಬಂತು, ಇಷ್ಟು ಬರಲಿಲ್ಲ’ ಎಂದು ಲೆಕ್ಕ ಇಟ್ಟುಕೊಳ್ಳುವ ಇನ್ನೊಂದು ವಿಸ್ತರಣೆಯನ್ನು ರೂಪಿಸಲಾಯಿತು. ಸುರಂಗದಿಂದ ಹೊರಬಂದ ಫೋನು ನಿಂತಲ್ಲಿಂದಲೇ ಮುಂದುವರಿಯುತ್ತದೆ.

ನಾವೆಲ್ಲ ಬಳಸುವ ವಾಟ್ಸ್ಆ್ಯಪ್ ಹುಟ್ಟಿದ್ದೂ ಸ್ಟೇಟಸ್‌ನಿಂದಲೇ. 2009ರಲ್ಲಿ ಜಾನ್ ಕೌಮ್ ಅದನ್ನು ರೂಪಿಸಿದ್ದು ‘ಜಿಮ್‌ನಲ್ಲಿದ್ದೇನೆ’, ‘ಬ್ಯಾಟರಿ ಮುಗಿಯುತ್ತಿದೆ’ ಎಂಬಂಥ ಸಾಲುಗಳನ್ನು ಹೆಸರಿನ ಪಕ್ಕ ತೋರಿಸಲೆಂದು. ಸ್ಟೇಟಸ್ ಬದಲಾದಾಗ ಗೆಳೆಯರ ಫೋನಿಗೆ ಸೂಚನೆ ಹೋಗತೊಡಗಿದ ಮೇಲೆ ಜನ ಆ ಸಾಲುಗಳಲ್ಲೇ ಸಂಭಾಷಣೆ ಶುರುಮಾಡಿದರು. ಸಂದೇಶ ಸೇವೆ ಬಂದದ್ದು ಆಮೇಲೆ. ಆದರೆ ‘ಆನ್‌ಲೈನ್’ ಎಂಬ ಗುರುತನ್ನು ಯಾರು ನೋಡಬಹುದು ಎಂದು ಬಳಕೆದಾರರೇ ಆರಿಸುವ ಸೌಲಭ್ಯ ಅಲ್ಲಿ ಪ್ರಕಟವಾದದ್ದು 2022ರ ಆಗಸ್ಟ್‌ನಲ್ಲಿ.

ಪ್ಲಗಿನ್‌ಗಳ ಹಾದಿಯ ಬೆಲೆ ಇಲ್ಲಿ ಕಾಣುತ್ತದೆ. ಹಾಡು, ಮನಸ್ಥಿತಿ, ಜಾಗ ಎಲ್ಲಕ್ಕೂ ಪ್ರತ್ಯೇಕ ಖಾನೆ ಇರುವುದರಿಂದ ಪ್ರತಿಯೊಂದಕ್ಕೂ ಬೇರೆ ಅನುಮತಿ ಕೊಡಬಹುದು. ಕೇಳುವ ಹಾಡು ಎಲ್ಲ ಗೆಳೆಯರಿಗೆ, ಇರುವ ಜಾಗ ಮನೆಯವರಿಗೆ ಮಾತ್ರ, ಮನಸ್ಥಿತಿ ಯಾರಿಗೂ ಬೇಡ ಎಂದು ವಿಂಗಡಿಸಲು ಮಾನಕದಲ್ಲೇ ದಾರಿಯಿದೆ. ಬೇಡವಾದ ಪ್ಲಗಿನ್ ತೆಗೆದುಹಾಕಿದರೆ ಆ ಮಾಹಿತಿ ಕಂಪ್ಯೂಟರಿನಿಂದ ಹೊರಗೇ ಹೋಗದು. ಒಂದು ಎಚ್ಚರ ಮಾತ್ರ ಬೇಕು: ಈ ಸುದ್ದಿಗಳು ಸಾಮಾನ್ಯವಾಗಿ ಸಂದೇಶಗಳಂತೆ ಪೂರ್ತಿ ಗೂಢಲಿಪಿಯಲ್ಲಿ ಸಾಗುವುದಿಲ್ಲ, ಸರ್ವರ್ ನಡೆಸುವವರು ಅವನ್ನು ಓದಬಲ್ಲರು. ಆದ್ದರಿಂದ ಸರ್ವರನ್ನೂ ನಂಬಿಕೆ ನೋಡಿಯೇ ಆರಿಸಬೇಕು.

ಎಲ್ಲಿದ್ದೇನೆ, ಹೇಗಿದ್ದೇನೆ ಎಂದು ನಮ್ಮವರಿಗೆ ತಿಳಿಸುವುದು ಸ್ನೇಹದ ಭಾಗ. ಊರು ಬಿಟ್ಟು ದೂರವಿರುವ ಮಕ್ಕಳ ‘ಈಗ ತಾನೇ ಊಟ ಆಯಿತು’ ಎಂಬ ಒಂದು ಸಾಲು ತಂದೆತಾಯಿಯರಿಗೆ ಎಷ್ಟು ನೆಮ್ಮದಿ ಕೊಡುತ್ತದೆ ಎಂದು ಎಲ್ಲ ಮನೆಗಳಿಗೂ ಗೊತ್ತು. ಆ ಸಾಲು ಯಾರಿಗೆ ಮುಟ್ಟಬೇಕು ಎಂಬ ತೀರ್ಮಾನ ಅದನ್ನು ಬರೆದವರದ್ದೇ ಆಗಿರಬೇಕು. ಹೊಸ ಚಾಟ್ ಆ್ಯಪ್ ಹಾಕಿಕೊಳ್ಳುವಾಗ ನಾವು ಮೊದಲು ನೋಡಬೇಕಾದದ್ದು ಆ ತೀರ್ಮಾನವನ್ನು ಅದು ನಮ್ಮ ಕೈಗೆ ಬಿಟ್ಟಿದೆಯೇ ಎಂಬುದನ್ನು.