ಗರ್ಭಿಣಿಯಿರುವ ಮನೆಗೆ ಝೀಕಾ ಎಚ್ಚರಿಕೆ

1947ರಲ್ಲಿ ಉಗಾಂಡದ ಝೀಕಾ ಅರಣ್ಯದ ಕೋತಿಯೊಂದರಲ್ಲಿ ಮೊದಲು ಕಂಡ ವೈರಾಣುವು 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಯ ಬಾಲಕಿಯೊಬ್ಬಳಲ್ಲಿಯೂ 2024ರಲ್ಲಿ ಶಿವಮೊಗ್ಗ ನಗರದಲ್ಲಿಯೂ ಪತ್ತೆಯಾಯಿತು. ಶಿವಮೊಗ್ಗ-ಭದ್ರಾವತಿಗಳ ನಡುವಿನ ಮಾಚೇನಹಳ್ಳಿಯ ಕಾರ್ಖಾನೆಗಳಿಗೆ ದುಡಿಯಹೋಗುವವರ ಮನೆಮಂದಿಯ ಗಮನಕ್ಕೆ ಇದನ್ನು ವಿಶೇಷವಾಗಿ ತರಬಯಸುತ್ತೇವೆ.

ಸೋಂಕು ತಗುಲಿದವರಲ್ಲಿ ಬಹುಪಾಲಿಗೆ ಯಾವ ಲಕ್ಷಣವೂ ತೋರದು. ಉಳಿದವರಿಗೆ ಸಣ್ಣ ಜ್ವರ, ಮೈಮೇಲೆ ಕೆಂಪು ದದ್ದು, ಕೆಂಗಣ್ಣು, ಕೀಲುನೋವು. ಸಾಮಾನ್ಯವಾಗಿ ವಾರದಲ್ಲಿ ಗುಣ. ನಿಜವಾದ ಅಪಾಯವಿರುವುದು ಗರ್ಭಸ್ಥ ಶಿಶುವಿಗೆ. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಮೆದುಳು ಬೆಳೆಯದೆ, ತಲೆ ಚಿಕ್ಕದಾಗಿ ಹುಟ್ಟಿದ ಕೂಸುಗಳನ್ನು ಕಂಡ ಮೇಲೆಯೇ ಜಗತ್ತು ಎಚ್ಚೆತ್ತಿತು.

ಆದುದರಿಂದ ಜ್ವರವೆಂದು ಬಂದ ಗಂಡಸನ್ನೂ ವೈದ್ಯರು, ದಾದಿಯರು "ಮನೆಯಲ್ಲಿ ಬಸುರಿಯರಿದ್ದಾರೆಯೇ?" ಎಂದು ಕೇಳಬೇಕು. ಹೇಳಲು ಸಂಕೋಚವಾದರೂ ಹೇಳಲೇಬೇಕಾದ ಮಾತು: ಇದು ಸೊಳ್ಳೆಯಿಂದಷ್ಟೇ ಅಲ್ಲ, ದಾಂಪತ್ಯ ಸಂಪರ್ಕದಿಂದಲೂ ಹರಡುತ್ತದೆ. ಪತಿಗೆ ಸೋಂಕಿದ್ದರೆ ಪತ್ನಿಯ ಹೆರಿಗೆಯಾಗುವವರೆಗೂ ಸಂಯಮ, ಇಲ್ಲವೇ ನಿರೋಧ್ ಬಳಕೆ ಅಗತ್ಯ. ಗರ್ಭಿಣಿಗೇ ಜ್ವರ ಬಂದರೆ ರಕ್ತ, ಮೂತ್ರಗಳ ಪರೀಕ್ಷೆಗೆ ತಡಮಾಡಲಾಗದು. ಡೆಂಗ್ಯೂ ಅಲ್ಲವೆಂದು ಖಚಿತವಾಗುವ ತನಕ ಆಸ್ಪಿರಿನ್, ಐಬುಪ್ರೊಫೇನ್ ಸಲ್ಲವು, ರಕ್ತಸ್ರಾವದ ಭಯವಿದೆ. ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್, ದ್ರವಾಹಾರ, ವಿಶ್ರಾಂತಿ ಇವೇ ಆರೈಕೆ. ಮೊದಲ ವಾರ ರೋಗಿಯನ್ನು ಹಗಲಿನಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು; ಅವನನ್ನು ಕಚ್ಚಿದ ಸೊಳ್ಳೆಯೇ ಮುಂದೆ ಗರ್ಭಿಣಿಯನ್ನು ಕಚ್ಚೀತು.

ಸೀಮಂತಕ್ಕೆಂದು ಪಡಸಾಲೆಯನ್ನು ಸಿಂಗರಿಸುವ ನಾವು ಹಿತ್ತಲಿನ ಡ್ರಮ್ಮಿನತ್ತ ಕಣ್ಣು ಹಾಯಿಸುವುದು ಅಪರೂಪ. ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆಯ ಮೊಟ್ಟೆ ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಮೈಯನ್ನು ತಿಕ್ಕಿ ತೊಳೆದು ಮುಚ್ಚಳ ಹಾಕಬೇಕು.