ಮಟ್ಟಿಗೆ ಮಾತು ಕೂಡಿಸಿದ ಶಾಸ್ತ್ರಿಗಳು

ಕಾಫಿ ಕೊಯ್ಲು ಮುಗಿದು, ಭತ್ತ ಕಣಜ ಸೇರಿ, ಸಕಲೇಶಪುರ ಆಲೂರುಗಳ ಗುಡ್ಡದ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ತಾಲೀಮು ಮೊದಲಾಯಿತೆಂದರೆ, ಹಗಲೆಲ್ಲ ತೋಟದಲ್ಲಿ ದುಡಿದ ಗೃಹಸ್ಥನು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮಗ್ಗುಲಲ್ಲಿ ಕುಳಿತು, ಅವರು ಒತ್ತಿ ಹಿಡಿದ ಶ್ರುತಿಗೆ ಕಂಠವನ್ನೇರಿಸುತ್ತ, ಸಂಸ್ಕೃತಭೂಯಿಷ್ಠವಾದ ಕಂದವೃತ್ತಗಳನ್ನು ನಿರರ್ಗಳವಾಗಿ ಹಾಡುವುದನ್ನು ಕೇಳಬಹುದು. ಮೇಷ್ಟ್ರ ಹಳೆಯ ನೋಟುಪುಸ್ತಕದಲ್ಲಿ ಪ್ರತಿ ಹಾಡಿನ ನೆತ್ತಿಯ ಮೇಲೂ ರಾಗ, ತಾಳ, ಮಟ್ಟು (ಹಾಡುವ ಧಾಟಿ) ಬರೆದಿರುತ್ತದೆ. ಕವಿಯ ಹೆಸರು ಮಾತ್ರ ಇರುವುದಿಲ್ಲ. ಈ ಗಾಯನಪದ್ಧತಿಯನ್ನು ರೂಢಿಸಿಕೊಟ್ಟ ಕಂಪನಿ ನಾಟಕಗಳ ಕವಿಗಳಲ್ಲಿ ಅಗ್ರಗಣ್ಯರೊಬ್ಬರು ತುಮಕೂರು ಸೀಮೆಯ ಬೆಳ್ಳಾವೆ ನರಹರಿಶಾಸ್ತ್ರಿಗಳು.

1882ರಲ್ಲಿ ಜನಿಸಿದ ಶಾಸ್ತ್ರಿಗಳ ಕೀರ್ತಿ ಹಬ್ಬಿದುದು ಗುಬ್ಬಿ ವೀರಣ್ಣನವರ ಕಂಪನಿಯು ಆಡಿದ ‘ಸದಾರಮೆ’, ‘ಕೃಷ್ಣಲೀಲಾ’ ಮೊದಲಾದ ನಾಟಕಗಳಿಂದ. ಅಂದಿನ ನಾಟಕಕವಿಗಿದ್ದ ನಿರ್ಬಂಧಗಳು ಕಾವ್ಯಕರ್ತನಿಗೆ ಇರಲಿಲ್ಲ. ಮರಾಠಿ ರಂಗಭೂಮಿಯಿಂದಲೋ, ಪಾರ್ಸಿ ಕಂಪನಿಗಳಿಂದಲೋ, ಪ್ರಸಿದ್ಧ ಕೀರ್ತನೆಯಿಂದಲೋ ಬಂದ ಮಟ್ಟು ಎಷ್ಟೋ ವೇಳೆ ಮೊದಲೇ ನಿಶ್ಚಯವಾಗಿರುತ್ತಿತ್ತು. ಅದಕ್ಕೆ ಕನ್ನಡದ ಮಾತನ್ನು ಕೂಡಿಸುವಾಗ ಪ್ರಾಸ ಕೆಡದಂತೆ, ಕಥೆ ಮುಗ್ಗರಿಸದಂತೆ, ಧ್ವನಿವರ್ಧಕವಿಲ್ಲದ ಡೇರೆಯಲ್ಲಿ ನಟನು ತಾರಸ್ಥಾಯಿಯನ್ನು ಮುಟ್ಟಿ ನಿಲ್ಲುವೆಡೆ ಅವನ ಬಾಯಿಗೆ ಒಂದು ದೀರ್ಘಸ್ವರ ಒದಗುವಂತೆ ನೋಡಿಕೊಳ್ಳಬೇಕಾಗಿತ್ತು. ‘ಒನ್ಸ್ ಮೋರ್’ ಎಂದು ಸಭೆ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಹಾಡುತ್ತಿದ್ದ ಕಾಲವದು! ಇಂಥ ಪದಗಳಲ್ಲಿ ಕಾವ್ಯಗುಣ ಅಲ್ಪವೆಂದು ಮೂಗುಮುರಿದ ಪಂಡಿತರುಂಟು; ಹಾರ್ಮೋನಿಯಂ ಇಲ್ಲದೆ ಓದಿದರೆ ಹಾಗೆ ತೋರುವುದೂ ಸಹಜವೇ. ಆದರೆ ಡೇರೆಯ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳ ಮೂಲಕ, ನಾಟಕವನ್ನೇ ನೋಡದವರ ಮನೆಗಳಿಗೂ ಅವು ಹೊಕ್ಕುವೆಂಬುದನ್ನು ಆ ಪಂಡಿತರು ಗಣಿಸಿದಂತೆ ಕಾಣೆ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದಲ್ಲಿ ಸಿದ್ಧವಾಗಿ 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಾಗ, ಅದರ ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದವರು ಶಾಸ್ತ್ರಿಗಳೇ. ಆದುದರಿಂದ ನಮ್ಮ ಚಿತ್ರಗೀತೆಕಾರರ ಪರಂಪರೆ ಅವರಿಂದಲೇ ಮೊದಲಾಗುತ್ತದೆ. ಹಿನ್ನೆಲೆ ಗಾಯನ ಇನ್ನೂ ಬಂದಿರಲಿಲ್ಲ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ನಾಗೇಂದ್ರರಾಯರಂಥ ರಂಗನಟರೇ ಕ್ಯಾಮರಾದೆದುರು ಬಾಯಿಬಿಟ್ಟು ಹಾಡಬೇಕಾಗಿದ್ದುದರಿಂದ, ಶಾಸ್ತ್ರಿಗಳು ಡೇರೆಯಲ್ಲಿ ಕಲಿತ ಉಸಿರಿನ ಲೆಕ್ಕಾಚಾರವೇ ಸ್ಟುಡಿಯೋದಲ್ಲಿಯೂ ನಡೆಯಿತು. ಮರುವರ್ಷ ‘ಸದಾರಮೆ’ಯೂ ಚಿತ್ರವಾಯಿತು, ವೀರಣ್ಣನವರೇ ಅದರಲ್ಲಿ ನಟಿಸಿದರು. 1961ರಲ್ಲಿ ಶಾಸ್ತ್ರಿಗಳು ಕಾಲವಾಗುವಷ್ಟರಲ್ಲಿ, ಸಿನಿಮಾದ ಹಾಡನ್ನು ಒಬ್ಬರು ಹಾಡಿ ಮತ್ತೊಬ್ಬರು ತುಟಿಯಾಡಿಸುವ ಪದ್ಧತಿಯೇ ಎಲ್ಲೆಡೆ ರೂಢಿಯಾಗಿತ್ತು.